ಇಬ್ಬರೂ ಹೋಗುವುದಾದರೆ

ಮಗ: ಚಿಕ್ಕಮ್ಮ, ನನ್ನ ಹೆಂಡತಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಖಚಿತವಾಯ್ತು. ಕೆಲಸಕ್ಕೆ ಹೋಗೋರಿಗೆ ಕೊಡೋ ಬ್ಲೂ ಕಾರ್ಡ್ ಅನ್ನೋ ಅನುಮತಿ ಅವಳ ಹೆಸರಲ್ಲಿ ಬರುತ್ತೆ. ನಾನು ಅವಳ ಗಂಡ ಅಂತ ಕುಟುಂಬದ ವೀಸಾದಲ್ಲಿ ಹೋಗಬೇಕು. ಕಾಲೇಜಿಗೆ ರಾಜೀನಾಮೆ ಬರೆಯೋ ಮುಂಚೆ ನಿಮ್ಮ ಹತ್ರ ಮಾತಾಡಬೇಕು ಅನ್ನಿಸ್ತು.

ಚಿಕ್ಕಮ್ಮ: ಒಳ್ಳೇದಾಯ್ತು ಕಣೋ. ನಾನು ಕೆಮಿಸ್ಟ್ರಿ ಪಾಠ ಬಿಟ್ಟು ಹೋದವಳು, ನೀನು ಫಿಸಿಕ್ಸ್ ಪಾಠ ಬಿಟ್ಟು ಹೊರಟವನು. ಆದರೆ ನಾನು ಹೋದ ಅಮೆರಿಕಕ್ಕೂ ನೀನು ಹೋಗೋ ಜರ್ಮನಿಗೂ ಕಾನೂನಲ್ಲೇ ದೊಡ್ಡ ವ್ಯತ್ಯಾಸ ಇದೆ. ಅದನ್ನ ಮೊದಲು ತಿಳ್ಕೊಂಡರೆ ನನ್ನ ಅನುಭವದಲ್ಲಿ ನಿನಗೆ ಬೇಕಾದಷ್ಟನ್ನ ಮಾತ್ರ ತಗೋಬಹುದು.

ಮಗ: ಹಾಗಾದ್ರೆ ನಿಮ್ಮ ಅಮೆರಿಕದಿಂದಲೇ ಶುರು ಮಾಡಿ.

ಚಿಕ್ಕಮ್ಮ: ನಾವು ನ್ಯೂಜೆರ್ಸಿಗೆ ಹೋಗಿದ್ದು 2000ದಲ್ಲಿ. ಕಂಪ್ಯೂಟರ್ ಕೆಲಸದವರನ್ನ ಅಮೆರಿಕ ಕೈಬೀಸಿ ಕರೀತಿದ್ದ ಕಾಲ. ವರ್ಷಕ್ಕೆ 65,000 ಇದ್ದ ಎಚ್-1ಬಿ ಅನ್ನೋ ಕೆಲಸದ ವೀಸಾದ ಮಿತಿಯನ್ನ 1,15,000ಕ್ಕೆ ಏರಿಸಿದ್ದರು. ಮರುವರ್ಷ ಅದು 1,95,000 ಆಯ್ತು. ನಿಮ್ಮ ಚಿಕ್ಕಪ್ಪನಿಗೆ ಎಚ್-1ಬಿ, ಅವರ ಹೆಂಡತಿ ಅಂತ ನನಗೆ ಎಚ್-4. ಎಚ್-4 ಇದ್ದವರು ಆ ದೇಶದಲ್ಲಿ ಇರಬಹುದು, ಓದಬಹುದು, ಕಾರು ಓಡಿಸಬಹುದು. ಸಂಪಾದನೆ ಮಾತ್ರ ಮಾಡೋ ಹಾಗಿರಲಿಲ್ಲ. ಪಕ್ಕದ ಮನೆ ಮಗುವಿಗೆ ಪಾಠ ಹೇಳಿ ಹತ್ತು ಡಾಲರ್ ತಗೊಂಡರೂ ನಿಯಮ ಮೀರಿದ ಹಾಗೆ. ಎಂ.ಎಸ್ಸಿ. ಓದಿದವರು, ಡಾಕ್ಟರುಗಳು, ಬ್ಯಾಂಕಿನಲ್ಲಿ ಅಧಿಕಾರಿಗಳಾಗಿದ್ದವರು, ಎಲ್ಲರೂ ಒಂದೇ ಅಪಾರ್ಟ್‌ಮೆಂಟಿನಲ್ಲಿ ಗಂಡ ಬರೋ ಹೊತ್ತು ಕಾಯ್ತಾ ಇದ್ದೆವು. ಶನಿವಾರ ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದರೆ ಅಲ್ಲಿ ನಮ್ಮಂಥವರ ದೊಡ್ಡ ಗುಂಪೇ ಇರ್ತಿತ್ತು.

ಮಗ: ಈಗ ಎಚ್-4 ಇದ್ದವರೂ ಕೆಲಸ ಮಾಡ್ತಾರಲ್ವಾ?

ಚಿಕ್ಕಮ್ಮ: ಕೆಲವರು ಮಾತ್ರ. 2015ರ ಮೇ 26ರಿಂದ ಆ ನಿಯಮ ಬಂತು. ಎಚ್-1ಬಿ ಇರೋ ಸಂಗಾತಿಯ ಗ್ರೀನ್ ಕಾರ್ಡ್, ಅಂದ್ರೆ ಕಾಯಂ ವಾಸದ ದಾರಿ ಒಂದು ಹಂತ ದಾಟಿರಬೇಕು, ಆಗ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು. ಹೊಸದಾಗಿ ಹೋದವರಿಗೆ ಇವತ್ತಿಗೂ ಇಲ್ಲ. ಇನ್ನು ಗ್ರೀನ್ ಕಾರ್ಡಿನ ಸಾಲು ಗೊತ್ತಲ್ಲ. ಉದ್ಯೋಗದ ಮೂಲಕ ವರ್ಷಕ್ಕೆ ಸುಮಾರು 1,40,000 ಕೊಡ್ತಾರೆ, ಅದರಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ರ ಮಿತಿ. ಅರ್ಜಿ ಹಾಕೋರಲ್ಲಿ ನಮ್ಮ ದೇಶದವರೇ ಹೆಚ್ಚಾದ್ದರಿಂದ ಸಾಲು ಕರಗೋದೇ ಇಲ್ಲ. ಆ 2015ರ ನಿಯಮ ಬರೋ ಹೊತ್ತಿಗೆ ನಾವು ಮೈಸೂರಿಗೆ ವಾಪಸ್ ಬಂದಾಗಿತ್ತು.

ಮಗ: ಜರ್ಮನಿಯಲ್ಲಿ ಆ ತೊಂದರೆ ಇಲ್ಲ ಅಂತ ಓದಿದೆ. ಬ್ಲೂ ಕಾರ್ಡ್ ಇದ್ದವರ ಗಂಡ ಅಥವಾ ಹೆಂಡತಿಗೆ ಮೊದಲ ದಿನದಿಂದಲೇ ಯಾವ ಕೆಲಸವನ್ನಾದರೂ ಮಾಡೋ ಹಕ್ಕಿದೆಯಂತೆ. ಬೇರೆ ಹಲವರ ಸಂಗಾತಿಗಳಿಗೆ ವೀಸಾ ಸಿಗೋ ಮುಂಚೆ ಎ1 ಅನ್ನೋ ಆರಂಭಿಕ ಮಟ್ಟದ ಜರ್ಮನ್ ಪರೀಕ್ಷೆ ಕಡ್ಡಾಯ. ನನಗೆ ಅದರಿಂದಲೂ ವಿನಾಯಿತಿ.

ಚಿಕ್ಕಮ್ಮ: ಹಕ್ಕಿದೆ, ಸರಿ. ಆದರೆ ಹಕ್ಕು ಸಿಕ್ಕ ತಕ್ಷಣ ಕೆಲಸ ಸಿಕ್ಕಿಬಿಡುತ್ತಾ? ಅಲ್ಲಿನ ಸರ್ಕಾರಿ ಶಾಲೆಯಲ್ಲಿ ನೀನು ಫಿಸಿಕ್ಸ್ ಹೇಳಿಕೊಡಬೇಕು ಅಂದ್ರೆ?

ಮಗ: ಅದು ಕಷ್ಟ. ಶಿಕ್ಷಕ ವೃತ್ತಿಗೆ ಅಲ್ಲಿ ಆಯಾ ರಾಜ್ಯ ಮನ್ನಣೆ ಕೊಡಬೇಕು. ಸಾಮಾನ್ಯವಾಗಿ ಎರಡು ವಿಷಯ ಓದಿರಬೇಕು, ಜರ್ಮನ್ ಭಾಷೆ ಬಹಳ ಮೇಲಿನ ಮಟ್ಟಕ್ಕೆ ಬಂದಿರಬೇಕು. ನನ್ನ ಹತ್ರ ಒಂದೇ ವಿಷಯ, ಭಾಷೆ ಶೂನ್ಯ.

ಚಿಕ್ಕಮ್ಮ: ಅದಕ್ಕೇ ಎ1 ವಿನಾಯಿತಿ ಸಿಕ್ಕಿತು ಅಂತ ಸುಮ್ಮನಿರಬೇಡ. ಆ ವಿನಾಯಿತಿ ವೀಸಾ ಕಚೇರಿಯ ಮುಂದೆ ಮಾತ್ರ ಕೆಲಸಕ್ಕೆ ಬರುತ್ತೆ. ಔಷಧಿ ಅಂಗಡಿಯಲ್ಲಿ, ಮನೆ ಮಾಲೀಕರ ಮುಂದೆ, ಕೆಲಸದ ಸಂದರ್ಶನದಲ್ಲಿ ಯಾರೂ ನಿನಗೆ ವಿನಾಯಿತಿ ಕೊಡಲ್ಲ. ಇನ್ನೂ ಒಂದು ಸೂಕ್ಷ್ಮ ಇದೆ. ಅವಳ ಆಫೀಸು ಇಂಗ್ಲಿಷ್‌ನಲ್ಲಿ ನಡೆಯಬಹುದು, ಬೀದಿ ನಡೆಯೋದು ಜರ್ಮನ್‌ನಲ್ಲಿ. ದಿನವಿಡೀ ಬೀದಿಯಲ್ಲಿ ಇರೋನು ನೀನು. ಆದ್ದರಿಂದ ಭಾಷೆ ಅವಳಿಗಿಂತ ನಿನಗೆ ಬೇಗ ಬೇಕು.

ಮಗ: ಅಲ್ಲಿ ಸರ್ಕಾರದ ನೆರವಿನ ಕೋರ್ಸ್ ಇದೆ. ಸಾಮಾನ್ಯವಾಗಿ 600 ಗಂಟೆ ಭಾಷೆ, 100 ಗಂಟೆ ಆ ದೇಶದ ಕಾನೂನು, ಚರಿತ್ರೆ, ಬದುಕಿನ ರೀತಿ. ಬಿ1 ಮಟ್ಟ ಮುಟ್ಟಿಸೋದು ಅದರ ಗುರಿ. ಬ್ಲೂ ಕಾರ್ಡ್ ಇದ್ದವರಿಗೆ ಕಾಯಂ ವಾಸದ ಅನುಮತಿ 27 ತಿಂಗಳಿಗೆ ಸಿಗುತ್ತೆ, ಬಿ1 ಇದ್ದರೆ 21 ತಿಂಗಳಿಗೇ. ಅಂದ್ರೆ ಅವಳೂ ಕಲಿಯಲೇಬೇಕು.

ಚಿಕ್ಕಮ್ಮ: ಹಾಗಾದ್ರೆ ಇಬ್ಬರೂ ಇಲ್ಲೇ ಶುರು ಮಾಡಿ. ಬೆಂಗಳೂರಿನ ಮ್ಯಾಕ್ಸ್ ಮ್ಯುಲ್ಲರ್ ಭವನಕ್ಕಾದರೂ ಸೇರಿಕೊಳ್ಳಿ, ಆನ್‌ಲೈನ್ ಆದರೂ ಸರಿ. ಒಬ್ಬರೇ ಕಲಿತರೆ ಇನ್ನೊಬ್ಬರು ಎಲ್ಲಾ ಕಾಗದ, ಎಲ್ಲಾ ಫೋನ್ ಕರೆ ಕಲಿತವರ ತಲೆಗೇ ಕಟ್ಟುತ್ತಾರೆ. ಅಲ್ಲಿಂದ ಮನೆಯೊಳಗೆ ಮೇಲು ಕೀಳು ಶುರುವಾಗುತ್ತೆ.

ಮಗ: ನೀವು ಹೇಳೋ ಮೇಲು ಕೀಳೇ ನನ್ನ ಭಯ, ಚಿಕ್ಕಮ್ಮ. ದೇಶ ಬಿಡೋದರ ಬಗ್ಗೆ ಅಷ್ಟು ಭಯ ಇಲ್ಲ. ನಾವಿಬ್ಬರೂ ಮದುವೆಯಾದಾಗಿನಿಂದ ಇಬ್ಬರೂ ದುಡೀತಿದ್ದೀವಿ. ಈಗ ಅವಳ ಸಂಬಳ, ಅವಳ ಕಾರ್ಡು, ಅವಳ ಕಂಪನಿ ಕೊಟ್ಟ ಮನೆ.

ಚಿಕ್ಕಮ್ಮ: ಸರ್ಕಾರದ ಕಾಗದ ಒಬ್ಬರನ್ನ ಮುಂದೆ ಬರೆಯುತ್ತೆ, ಇನ್ನೊಬ್ಬರನ್ನ ಅವರ ಹಿಂದೆ ಬರೆಯುತ್ತೆ. ಸರ್ಕಾರಕ್ಕೆ ಅದು ಬೇಕು, ಬರೆದುಕೊಳ್ಳಲಿ. ಕಾಗದದ ಆ ಕ್ರಮ ಮನೆಯ ಕ್ರಮ ಆಗದ ಹಾಗೆ ನೋಡಿಕೊಳ್ಳೋದು ನಿಮ್ಮಿಬ್ಬರ ಕೆಲಸ. ದೇಶ ಬದಲಿಸೋ ಗಂಡ ಹೆಂಡತಿಗೆ ನಾನು ಹೇಳಬೇಕಾದ್ದು ಇದೊಂದೇ.

ಮಗ: ಮಾತಿಗೆ ಸರಿ. ದಿನದಿನದ ಬದುಕಲ್ಲಿ ಅದನ್ನ ಹೇಗೆ ನಡೆಸೋದು?

ಚಿಕ್ಕಮ್ಮ: ಸಣ್ಣ ವಿಷಯದಿಂದ ಶುರು ಮಾಡು. ಜರ್ಮನಿಯಲ್ಲಿ ಮನೆಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು ತಾನೇ? ಇಬ್ಬರೂ ಹೋಗಿ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ. ಅಲ್ಲಿನ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮನೆ ನಂಬರ್ ನೋಡಿ ಟಪಾಲು ಹಾಕಲ್ಲ, ಪೆಟ್ಟಿಗೆ ಮೇಲಿನ ಹೆಸರು ನೋಡಿ ಹಾಕ್ತಾರೆ. ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತೆ. ನಮ್ಮಲ್ಲಿ ಗಂಡನಿಗೂ ಹೆಂಡತಿಗೂ ಒಂದೇ ಮನೆತನದ ಹೆಸರು ಇರೋದು ಕಡಿಮೆ. ಅವಳಿಗೆ ಅವಳ ಅಪ್ಪನ ಹೆಸರು, ನಿನಗೆ ಊರಿನ ಹೆಸರು. ಎರಡನ್ನೂ ಬರೆದು ಅಂಟಿಸಿ. ನಿನ್ನ ಬ್ಯಾಂಕಿನ ಕಾಗದ, ವಿಮೆ ಕಾರ್ಡು, ಕೋರ್ಸಿನ ಪತ್ರ ನಿನ್ನ ಹೆಸರಿಗೇ ಬರಬೇಕು.

ಮಗ: ಹೆಸರಿನ ವಿಷಯ ಇಲ್ಲೇ ತಲೆನೋವಾಗಿದೆ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಬರೆದಿದ್ದಾರೆ, ಮದುವೆ ನೋಂದಣಿ ಪತ್ರದಲ್ಲಿ ಇನ್ನೊಂದು ಥರ.

ಚಿಕ್ಕಮ್ಮ: ಅದನ್ನ ಊರು ಬಿಡೋ ಮುಂಚೆ ಸರಿ ಮಾಡಿಸು. ಮದುವೆ ಪ್ರಮಾಣಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯದ್ದಾಗಿರಲಿ. ಛತ್ರದವರು, ದೇವಸ್ಥಾನದವರು ಕೊಟ್ಟ ರಸೀದಿ ನಡೆಯಲ್ಲ. ಕುಟುಂಬದ ವೀಸಾಕ್ಕೆ ಮದುವೆಯೇ ಬುನಾದಿ, ಅದನ್ನ ತೋರಿಸೋ ಕಾಗದ ಅದೊಂದೇ. ಅಲ್ಲಿಗೆ ಹೋದ ಮೇಲೆ ಒಂದು ಅಕ್ಷರ ತಿದ್ದಿಸೋಕೆ ಇಲ್ಲಿಯವರು ಯಾರಾದರೂ ತಿಂಗಳುಗಟ್ಟಲೆ ಓಡಾಡಬೇಕಾಗುತ್ತೆ. ಬೆಂಗಳೂರಲ್ಲೇ ಜರ್ಮನ್ ಕಾನ್ಸುಲೇಟ್ ಇರೋದು ನಿಮ್ಮ ಪುಣ್ಯ. ಅವರ ಪಟ್ಟಿಯಲ್ಲಿ ಏನೇನು ಕೇಳಿದ್ದಾರೋ ಅದನ್ನ ಅಕ್ಷರಶಃ ಪಾಲಿಸು.

ಮಗ: ಹಣದ ವಿಷಯ ಕೇಳೋಕೆ ಸ್ವಲ್ಪ ಮುಜುಗರ. ಕೆಲಸ ಸಿಗೋವರೆಗೆ ನಾನು ಅವಳ ಹತ್ರ ಕೇಳಿ ತಗೋಬೇಕಾ?

ಚಿಕ್ಕಮ್ಮ: ಕೇಳಿ ತಗೋಳೋ ಪರಿಸ್ಥಿತಿಯೇ ಬರಬಾರದು. ಮೊದಲ ತಿಂಗಳೇ ಜಂಟಿ ಖಾತೆ ತೆರೆಯಿರಿ, ಸಂಬಳ ಅಲ್ಲಿಗೇ ಬೀಳಲಿ. ಇಬ್ಬರಿಗೂ ಒಂದೊಂದು ಸ್ವಂತ ಖಾತೆ ಇರಲಿ, ಅದಕ್ಕೆ ಪ್ರತಿ ತಿಂಗಳೂ ಒಂದೇ ಮೊತ್ತ ಹೋಗಲಿ. ನಾನು ಅಮೆರಿಕದಲ್ಲಿದ್ದಾಗ ನಿಮ್ಮ ಚಿಕ್ಕಪ್ಪ ಯಾವತ್ತೂ ಲೆಕ್ಕ ಕೇಳಿದವರಲ್ಲ. ಆದರೂ ಒಂದು ಸೀರೆ ಕೊಳ್ಳುವಾಗ, ಅಮ್ಮನಿಗೆ ದುಡ್ಡು ಕಳಿಸುವಾಗ ಕೈ ತಡೀತಿತ್ತು. ಬರೀ ಒಳ್ಳೆತನದಿಂದ ಆ ತಡೆ ಹೋಗಲ್ಲ ಕಣೋ. ವ್ಯವಸ್ಥೆ ಮಾಡಿಕೊಂಡರೆ ಹೋಗುತ್ತೆ.

ಮಗ: ಅಲ್ಲಿನ ತೆರಿಗೆಯಲ್ಲೂ ಗಂಡ ಹೆಂಡತಿಗೆ ವರ್ಗ ಆರಿಸಿಕೊಳ್ಳೋದು ಇದೆ. ಇಬ್ಬರೂ ನಾಲ್ಕನೇ ವರ್ಗದಲ್ಲಿ ಇರಬಹುದು. ಇಲ್ಲಾ, ಹೆಚ್ಚು ಸಂಬಳದವರು ಮೂರು, ಕಡಿಮೆ ಸಂಬಳದವರು ಐದು. ಮೂರು-ಐದು ಮಾಡಿಕೊಂಡರೆ ಪ್ರತಿ ತಿಂಗಳು ಕೈಗೆ ಹೆಚ್ಚು ಬರುತ್ತೆ ಅಂತಾರೆ.

ಚಿಕ್ಕಮ್ಮ: ನಿನಗೆ ಆದಾಯ ಇಲ್ಲದಿರುವಾಗ ಅದು ಸರಿ. ನೀನು ದುಡಿಯೋಕೆ ಶುರು ಮಾಡಿದ ಮೇಲೆ ಯೋಚನೆ ಮಾಡು. ಮೂರನೇ ವರ್ಗದವರಿಗೆ ತೆರಿಗೆ ಕಡಿಮೆ ಹಿಡೀತಾರೆ, ಐದನೇ ವರ್ಗದವರ ಸಂಬಳದಿಂದ ಜಾಸ್ತಿ ಹಿಡೀತಾರೆ. ವರ್ಷದ ಕೊನೆಗೆ ಲೆಕ್ಕ ಸಲ್ಲಿಸಿದಾಗ ಮನೆಯ ಒಟ್ಟು ತೆರಿಗೆ ಅಷ್ಟೇ ಆಗುತ್ತೆ. ಆದರೆ ನಿರುದ್ಯೋಗ ಭತ್ಯೆ, ಮಗು ಆದಾಗಿನ ಪೋಷಕರ ಭತ್ಯೆ ಇವನ್ನೆಲ್ಲ ಲೆಕ್ಕ ಹಾಕೋದು ಕೈಗೆ ಬರೋ ಸಂಬಳದ ಮೇಲೆ. ಐದನೇ ವರ್ಗದಲ್ಲಿ ಇದ್ದವರಿಗೆ ಅದೂ ಕಡಿಮೆ ಸಿಗುತ್ತೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಕೈಗೆ ಬರೋ ದುಡ್ಡು ನೋಡಿ 'ಇಷ್ಟಕ್ಕೆ ಇವನು ಯಾಕೆ ಕೆಲಸಕ್ಕೆ ಹೋಗಬೇಕು' ಅಂತ ಮನೆಯಲ್ಲೇ ಅನ್ನಿಸೋಕೆ ಶುರುವಾಗುತ್ತೆ. ಹಿಂದೆ ಬಿದ್ದವರು ಇನ್ನೂ ಹಿಂದೆ ಬೀಳೋದು ಇಂಥ ಸಣ್ಣ ಆಯ್ಕೆಗಳಿಂದಲೇ.

ಮಗ: ಇಲ್ಲಿನ ಖಾತೆಗಳು?

ಚಿಕ್ಕಮ್ಮ: ಅದನ್ನ ಬೇಗ ಮುಗಿಸೋಣ. ಉಳಿತಾಯ ಖಾತೆಯನ್ನ ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸು. ಹಳೆ ಪಿಪಿಎಫ್ ಅವಧಿ ಮುಗಿಯೋವರೆಗೆ ನಡೆಸಬಹುದು, ಹೊಸದು ತೆರೆಯೋಕಾಗಲ್ಲ. ಊರಿನ ತೋಟ ನಿನ್ನ ಹೆಸರಲ್ಲಿ ಇರಬಹುದು, ಅನಿವಾಸಿಯಾಗಿ ಹೊಸದಾಗಿ ಕೃಷಿ ಜಮೀನು ಕೊಳ್ಳೋಕೆ ಆಗಲ್ಲ. ಅಮ್ಮನ ಆಸ್ಪತ್ರೆ ಖರ್ಚಿಗೆ ಬೇರೆಯಾಗಿ ದುಡ್ಡಿಟ್ಟು, ಅದನ್ನ ಯಾರು ತೆಗೀಬಹುದು ಅಂತ ಬರೆದಿಟ್ಟು ಹೋಗು.

ಮಗ: ಅಮ್ಮ ಏನೂ ಹೇಳ್ತಿಲ್ಲ. ನೆಂಟರು ಮಾತ್ರ ಬಿಡ್ತಿಲ್ಲ. 'ಹೆಂಡತಿ ಹಿಂದೆ ಹೋಗ್ತೀಯಾ, ಅಲ್ಲಿ ಹೋಗಿ ಏನ್ ಮಾಡ್ತೀಯಾ' ಅಂತ ಒಬ್ಬೊಬ್ಬರೂ ಕೇಳ್ತಾರೆ.

ಚಿಕ್ಕಮ್ಮ: ನಾನು ಕಾಲೇಜು ಬಿಟ್ಟಾಗ ಯಾರೂ ಹಾಗೆ ಕೇಳಲಿಲ್ಲ. ಅಮೆರಿಕಕ್ಕೆ ಹೋಗ್ತಿದ್ದಾಳೆ, ಅದೃಷ್ಟ ಅಂದರು. ವರ್ಷಾನುಗಟ್ಟಲೆ ಪಾಠ ಹೇಳಿದ ಅಭ್ಯಾಸ, ಅದರಿಂದ ಬಂದ ಮರ್ಯಾದೆ, ನನ್ನದೇ ಸಂಬಳ ಎಲ್ಲಾ ಹೋಯ್ತಲ್ಲ, ಅದನ್ನ ನಷ್ಟ ಅಂತ ಎಣಿಸಿದವರೇ ಇಲ್ಲ. ನೀನು ಬಿಟ್ಟದ್ದನ್ನ ಎಲ್ಲರೂ ನಷ್ಟ ಅಂತ ಎಣಿಸ್ತಾರೆ. ಹೆಂಗಸು ಬಿಟ್ಟರೆ ಸಹಜ, ಗಂಡಸು ಬಿಟ್ಟರೆ ಅವಮಾನ ಅನ್ನೋ ಲೆಕ್ಕ ಎರಡು ಕಡೆಯಿಂದಲೂ ತಪ್ಪು. ಇಬ್ಬರಲ್ಲಿ ಯಾರು ಬಿಟ್ಟರೂ ಅದು ಮನೆಗೆ ಕೊಟ್ಟ ಬಂಡವಾಳ. ಅದನ್ನ ಹಾಗೇ ಎಣಿಸಬೇಕು.

ಮಗ: ಹಿಂದೆ ಆ ಕಡೆಯಿಂದ ಈ ಕಡೆಗೆ ಬಂದವರ ಹೆಂಡತಿಯರಿಗೂ ಹೀಗೇ ಆಗಿರಬೇಕು. ಸ್ಟುಟ್‌ಗಾರ್ಟ್ ಅಂದ ಕೂಡಲೇ ಆ ಕಡೆಯಿಂದ ಬಂದ ಬಾಸೆಲ್ ಮಿಷನ್ನಿನ ಮಿಷನರಿಗಳು ನೆನಪಾದರು.

ಚಿಕ್ಕಮ್ಮ: ನಿಜ. ಅವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಸೂಯೆಜ್ ಕಾಲುವೆ ತೆರೆದಿದ್ದು 1869ರಲ್ಲಿ, ಅದಕ್ಕೆ ಮುಂಚೆ ಆಫ್ರಿಕಾ ಸುತ್ತಿ ಬರೋ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ. ಮದುವೆಗೆ ಮಿಷನ್ನಿನ ಒಪ್ಪಿಗೆ ಬೇಕಿತ್ತು. ಸರಿಯಾಗಿ ಮುಖ ನೋಡಿರದ ಗಂಡನನ್ನ ಮದುವೆಯಾಗೋಕೆ ಅಲ್ಲಿಂದ ಹೊರಟು ಬಂದ ಹೆಣ್ಣುಮಕ್ಕಳಿದ್ದರು. ಆ ಮಿಷನ್ನಿನ ಕಿಟ್ಟೆಲ್ ಅಂದ್ರೆ 1894ರ ಕನ್ನಡ ನಿಘಂಟು ಎಲ್ಲರಿಗೂ ಗೊತ್ತು. ಅವರ ಮೊದಲ ಹೆಂಡತಿ ಈ ನೆಲದಲ್ಲೇ ತೀರಿಕೊಂಡಿದ್ದು, ಆಮೇಲೆ ಆಕೆಯ ತಂಗಿಯೇ ಅವರನ್ನ ಮದುವೆಯಾಗಿದ್ದು ಎಷ್ಟು ಜನಕ್ಕೆ ಗೊತ್ತು? ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿದ ಗುಂಡರ್ಟ್ ಮಲಯಾಳಂ ನಿಘಂಟು ಮಾಡಿದರು. ಅವರ ಹೆಂಡತಿ ಜೂಲಿ ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದರು. ಆ ಹೆಂಗಸರು ಶಾಲೆ ನಡೆಸಿದರು, ಹೊಲಿಗೆ ಕಲಿಸಿದರು, ರೋಗಿಗಳನ್ನ ನೋಡಿಕೊಂಡರು. ಆದರೆ ಮಿಷನ್ನಿನ ಲೆಕ್ಕದಲ್ಲಿ ಅವರು ಮಿಷನರಿಯ ಹೆಂಡತಿಯರು, ಅವರಿಗೇ ಅಂತ ಸಂಬಳ ಇರಲಿಲ್ಲ. ಇಷ್ಟು ವರ್ಷ ಆದ ಮೇಲೂ ವೀಸಾದ ಅರ್ಜಿಯಲ್ಲಿ ಆ ಲೆಕ್ಕದ ನೆರಳಿದೆ. ನೀವು ಅದನ್ನ ಮನೆಗೆ ಬಿಟ್ಟುಕೊಳ್ಳಬೇಡಿ.

ಮಗ: ಅಲ್ಲಿಗೆ ಹೋದ ಮೊದಲ ತಿಂಗಳುಗಳಲ್ಲಿ ನನ್ನ ಕೈಯಲ್ಲಿ ಹೊತ್ತೇ ಹೊತ್ತು ಇರುತ್ತೆ. ಅದನ್ನ ಹೇಗೆ ಕಳೆಯೋದು ಅನ್ನೋದೇ ದೊಡ್ಡ ಪ್ರಶ್ನೆ.

ಚಿಕ್ಕಮ್ಮ: ಮೊದಲ ಒಂದೆರಡು ತಿಂಗಳು ಮನೆಯೇ ತಿಂದುಹಾಕುತ್ತೆ. ಕಂಪನಿ ಕೊಟ್ಟ ಮನೆ ಕೆಲವು ವಾರಕ್ಕೆ ಮಾತ್ರ ತಾನೇ? ಆಮೇಲೆ ಸ್ವಂತವಾಗಿ ಹುಡುಕಬೇಕು. ಅಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆಯ ಕಪಾಟು, ಒಲೆ, ಸಿಂಕು ಕೂಡ ಇರಲ್ಲ. ಹಿಂದಿದ್ದವರು ಬಿಚ್ಚಿಕೊಂಡು ಹೋಗಿರ್ತಾರೆ. ಮುಂಗಡ ಮೂರು ತಿಂಗಳ ಬಾಡಿಗೆಯವರೆಗೆ ಕೇಳಬಹುದು, ಕರೆಂಟು ಬಿಸಿ ನೀರಿನ ಖರ್ಚು ಬಿಟ್ಟು. ಇದನ್ನೆಲ್ಲ ನೀನೇ ಮುಂದೆ ನಿಂತು ಮಾಡ್ತೀಯ. ಅದನ್ನ ಕೆಲಸ ಅಂತಲೇ ಎಣಿಸು, ಅವಳೂ ಹಾಗೇ ಎಣಿಸಲಿ. ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ಆರು ತಿಂಗಳು ನಡೆಯುತ್ತೆ, ಅಷ್ಟರೊಳಗೆ ಅಲ್ಲಿನ ಪರೀಕ್ಷೆಗೆ ತಯಾರಿ ಮಾಡು. ನ್ಯೂಜೆರ್ಸಿಯಲ್ಲಿ ನಾನು ಕಾರು ಕಲಿತ ದಿನದಿಂದ ನನ್ನ ಬದುಕು ಬೇರೆಯಾಯ್ತು. ಲೈಬ್ರರಿಗೆ, ಕಾಲೇಜಿನ ಸಂಜೆ ತರಗತಿಗೆ ಯಾರನ್ನೂ ಕೇಳದೆ ಹೋಗೋ ಹಾಗಾಯ್ತು.

ಮಗ: ಫಿಸಿಕ್ಸ್?

ಚಿಕ್ಕಮ್ಮ: ಬಿಡಬೇಡ. ಶಾಲೆಯ ಬಾಗಿಲು ತೆರೆಯೋಕೆ ಸಮಯ ಹಿಡಿಯಬಹುದು. ಇಂಗ್ಲಿಷ್‌ನಲ್ಲಿ ಪಾಠ ಮಾಡೋ ಅಂತರರಾಷ್ಟ್ರೀಯ ಶಾಲೆಗಳಿವೆ, ಪ್ರಯೋಗಾಲಯದ ಕೆಲಸಗಳಿವೆ. ಈ ಊರಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಪಾಠ ಹೇಳಬಹುದು, ಅದಕ್ಕೂ ಅಲ್ಲಿನ ತೆರಿಗೆ ನಿಯಮ ನೋಡಿಕೊಂಡು ಮಾಡು. ನನಗೆ ಇಲ್ಲದಿದ್ದ ಹಕ್ಕು ನಿನಗಿದೆ. ನಿನ್ನ ಪದವಿಗೆ ಅಲ್ಲಿ ಏನು ಬೆಲೆ ಅಂತ ಅಳೆಯೋ ಸರ್ಕಾರಿ ವ್ಯವಸ್ಥೆ ಇದೆ, ಅದಕ್ಕೆ ಇಲ್ಲಿಂದಲೇ ಅರ್ಜಿ ಹಾಕು. ವಿಶ್ವವಿದ್ಯಾಲಯದ ಎಲ್ಲಾ ಅಂಕಪಟ್ಟಿ, ಪಠ್ಯಕ್ರಮದ ಪ್ರತಿ ಕೈಯಲ್ಲಿ ಇಟ್ಟುಕೊಂಡು ಹೋಗು.

ಮಗ: ಇನ್ನೊಂದು ವಿಷಯ. ಅವಳ ಕೆಲಸ ಹೋದರೆ?

ಚಿಕ್ಕಮ್ಮ: ಆ ಭಯವನ್ನ ನಾವು 2001ರಲ್ಲಿ ಕಣ್ಣಾರೆ ಕಂಡ್ವಿ. ಡಾಟ್‌ಕಾಂ ಕುಸಿದ ವರ್ಷ. ಕೆಲಸ ಹೋದವರಿಗೆ ದೇಶದಲ್ಲಿರೋ ಹಕ್ಕೂ ಅವತ್ತೇ ಹೋದ ಹಾಗೆ. 60 ದಿನದ ಕಾಲಾವಕಾಶ ಅನ್ನೋ ನಿಯಮ ಬಂದಿದ್ದೇ 2017ರಲ್ಲಿ. ಒಬ್ಬರಿಗೆ ಬಂದ ಒಂದು ಪತ್ರದಿಂದ ಇಬ್ಬರ ವಾಸವೂ ಮುಗಿಯುತ್ತಿತ್ತು. ನಿಮ್ಮ ಚಿಕ್ಕಪ್ಪ ರಾತ್ರಿ ಎದ್ದು ಕೂತಿರ್ತಿದ್ದರು. ಜರ್ಮನಿ ಅಷ್ಟು ಬಿಗಿ ಇಲ್ಲ, ಬೇರೆ ಕೆಲಸ ಹುಡುಕೋಕೆ ಕೆಲವು ತಿಂಗಳು ಕೊಡ್ತಾರೆ. ಆದರೂ ಕೆಲವು ತಿಂಗಳ ಖರ್ಚು ಯಾವಾಗಲೂ ಪಕ್ಕಕ್ಕೆ ಇಟ್ಟಿರಿ.

ಮಗ: ಅವಳೂ ಈಗಲೇ ಹಾಗೆ ಎದ್ದು ಕೂರ್ತಾಳೆ, ಚಿಕ್ಕಮ್ಮ. 'ನಿನ್ನ ಕೆಲಸ ಬಿಡಿಸ್ತಿದ್ದೀನಿ. ಅಲ್ಲಿ ನನಗೆ ಆ ಆಫೀಸು ಹಿಡಿಸದೇ ಹೋದರೂ ಬಿಡೋಕಾಗಲ್ಲ' ಅಂತಾಳೆ.

ಚಿಕ್ಕಮ್ಮ: ನೋಡು, ಇಷ್ಟು ಹೊತ್ತು ಹಿಂದೆ ಹೋಗೋರ ಭಾರದ ಬಗ್ಗೆಯೇ ಮಾತಾಡಿದ್ವಿ. ಮುಂದೆ ನಡೆಯೋರ ಮೇಲೂ ಭಾರ ಇದೆ. ಮೇಲಧಿಕಾರಿ ಕೆಟ್ಟವನಾದರೂ ಸಹಿಸಬೇಕು, ಜ್ವರ ಬಂದರೂ ಹೋಗಬೇಕು, ಗಂಡ ಮಂಕಾಗಿದ್ದರೆ ಅದು ತನ್ನಿಂದ ಅಂತ ಕೊರಗಬೇಕು. ಒಬ್ಬರ ಮೇಲೆ ಇಬ್ಬರ ವಾಸ ನಿಂತಿದ್ದರೆ ಆ ಒಬ್ಬರಿಗೂ ಸ್ವಾತಂತ್ರ್ಯ ಇರಲ್ಲ. ನೀನು ಭಾಷೆ ಕಲಿತು ನಿನ್ನ ಕಾಲ ಮೇಲೆ ನಿಂತರೆ ಬಿಡುಗಡೆ ಆಗೋದು ನಿನಗೊಬ್ಬನಿಗೇ ಅಲ್ಲ.

ಮಗ: ಆ ರೀತಿ ನಾನು ನೋಡಿರಲಿಲ್ಲ.

ಚಿಕ್ಕಮ್ಮ: ಇನ್ನೂ ಒಂದು ಕಾನೂನು ತಿಳ್ಕೋ. ಜರ್ಮನಿಯಲ್ಲಿ ಗಂಡ ಹೆಂಡತಿಯಾಗಿ ಮೂರು ವರ್ಷ ಒಟ್ಟಿಗಿದ್ದ ಮೇಲೆ, ಅಕಸ್ಮಾತ್ ದಾಂಪತ್ಯ ಮುರಿದರೂ ಸಂಗಾತಿಗೆ ಸ್ವತಂತ್ರವಾಗಿ ಅಲ್ಲಿರೋ ಅನುಮತಿ ಸಿಗಬಹುದು. ಮನೆಯಲ್ಲಿ ಹಿಂಸೆ ಇದ್ದರೆ ಮೂರು ವರ್ಷ ಕಾಯಬೇಕಿಲ್ಲ. ನಿಮಗೆ ಅದು ಬೇಕಾಗದೇ ಇರಲಿ. ಆದರೆ ಕಾನೂನು ಹೀಗೆ ಮಾಡಿರೋದು ಯಾಕೆ ಅಂತ ಯೋಚನೆ ಮಾಡು. ಹೋಗೋಕೆ ಬೇರೆ ದಾರಿ ಇಲ್ಲ ಅಂತ ಜೊತೆಯಲ್ಲಿರೋದು ಬೇರೆ, ಇಷ್ಟಪಟ್ಟು ಜೊತೆಯಲ್ಲಿರೋದು ಬೇರೆ.

ಮಗ: ಎಷ್ಟು ವರ್ಷ ಇರಬೇಕು ಅಂತ ಈಗಲೇ ಮಾತಾಡಬೇಕಾ? ಪೌರತ್ವದ ಮಾತೂ ಬರುತ್ತೆ. ಜರ್ಮನಿ 2024ರಿಂದ ಎರಡು ಪೌರತ್ವಕ್ಕೆ ಒಪ್ಪುತ್ತೆ, ನಮ್ಮ ದೇಶ ಒಪ್ಪಲ್ಲ.

ಚಿಕ್ಕಮ್ಮ: ವರ್ಷ ನಿಗದಿ ಮಾಡಿದರೆ ನಿಲ್ಲಲ್ಲ. ಎರಡು ವರ್ಷ ಅಂತ ಹೋದವರು ಎಷ್ಟೋ ಜನ ಅಲ್ಲೇ ಉಳಿದರು. ಅವಧಿ ಬೇಡ, ಒಂದು ಪದ್ಧತಿ ಇಟ್ಟುಕೊಳ್ಳಿ. ಪ್ರತಿ ಯುಗಾದಿಗೆ ಇಬ್ಬರೂ ಕೂತು ಮಾತಾಡಿ: ಇಲ್ಲಿ ಇನ್ನೊಂದು ವರ್ಷ ಇರೋಣವಾ, ಯಾರಿಗೆ ಏನು ಸಿಕ್ಕಿತು, ಯಾರಿಗೆ ಏನು ಬಾಕಿ ಇದೆ, ಮುಂದಿನ ಊರು ಯಾರ ಕೆಲಸಕ್ಕಾಗಿ. ಈ ಸಲ ಅವಳ ಕೆಲಸಕ್ಕೆ ನೀನು ಹೊರಟೆ. ಮುಂದಿನ ಸಲ ನಿನ್ನ ಸರದಿ ಬರಬಹುದು ಅಂತ ಅವಳು ಬಾಯಿಬಿಟ್ಟು ಹೇಳಿರಬೇಕು, ನೀನು ಅದನ್ನ ನಂಬಿರಬೇಕು. ಇಬ್ಬರಲ್ಲಿ ಒಬ್ಬರು 'ಸಾಕು, ಊರಿಗೆ ಹೋಗೋಣ' ಅಂದರೆ ಅದು ಜಗಳದ ಮಾತಾಗಬಾರದು. ಮೈಸೂರಿಗೆ ವಾಪಸ್ ಬರೋಣ ಅಂತ ಮೊದಲು ಹೇಳಿದ್ದು ನಾನೇ. ನಿಮ್ಮ ಚಿಕ್ಕಪ್ಪ ಅದನ್ನ ಸೋಲು ಅಂತ ತಿಳಿಯಲಿಲ್ಲ, ನನ್ನ ಮಾತಿಗೆ ತಮ್ಮ ಸಂಬಳದಷ್ಟೇ ತೂಕ ಕೊಟ್ಟರು. ನಮ್ಮ ಸಂಸಾರವನ್ನ ಆ ಹೊತ್ತಿನಲ್ಲಿ ಕಾಪಾಡಿದ್ದು ಅದೇ.

ಮಗ: ರಾಜೀನಾಮೆ ಬರೆಯಲಾ ಹಾಗಾದ್ರೆ?

ಚಿಕ್ಕಮ್ಮ: ಇವತ್ತು ಬೇಡ. ಖಾತೆ, ಭಾಷೆ, ಮನೆಕೆಲಸ, ಸರದಿ, ವಾಪಸ್ ಬರೋ ಮಾತು, ಎಲ್ಲವನ್ನೂ ನೀನೊಬ್ಬನೇ ಕೇಳಿಸಿಕೊಂಡೆ. ಇದರಲ್ಲಿ ಅರ್ಧ ಅವಳದ್ದು. ನಾಳೆ ಭಾನುವಾರ, ಅವಳನ್ನ ಕರ್ಕೊಂಡು ಊಟಕ್ಕೆ ಬಾ. ಅವಳಿಗೆ ಏನೇನು ಭಯ ಇದೆಯೋ ಅದನ್ನೂ ಕೇಳೋಣ. ಆಮೇಲೆ ಇಬ್ಬರೂ ಕೂತು ಬರೀರಿ.